ಅಂಗಾಲಿನಿಂದ ಬರುವ ಸುದ್ದಿ

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಶಬ್ದವು ಮೂರು ಬೇರೆ ಬೇರೆ ವಸ್ತುಗಳಿಗೆ ಹೆಸರಾಗಿ ನಿಂತಿರುವದು. ಸಿಟ್ಟಿನಿಂದ ಒಬ್ಬನ ಹಣೆಯ ನರಗಳು ಉಬ್ಬಿದವೆಂದರೆ ಅಲ್ಲಿ ನರವೆಂಬದು ನೆತ್ತರು ಹರಿಯುವ ನಾಳ. ಮೂಟೆ ಎತ್ತಹೋಗಿ ನರ ಹಿಡಿಯಿತೆಂದರೆ ಅಲ್ಲಿ ನರವೆಂಬದು ಎಲುಬನ್ನು ಬಿಗಿದಿರುವ ಸ್ನಾಯು. ಕಾಲು ಜೋಮು ಹಿಡಿದು, ಇದು ನರದ ದೋಷವೆಂದು ವೈದ್ಯರು ಹೇಳಿದರೆ ಅಲ್ಲಿ ನರವೆಂಬದು ಸುದ್ದಿಯನ್ನು ಒಯ್ಯುವ ತಂತು. ತಮಿಳರ ‘ನರಂಬು’ ಎಂಬ ಶಬ್ದಕ್ಕೆ ಈ ಅರ್ಥಗಳ ಜೊತೆಗೆ ವಾದ್ಯದ ತಂತಿಯೆಂಬ ಅರ್ಥವೂ ಉಂಟು. ಸಂಸ್ಕೃತದ ‘ಸ್ನಾವನ್’, ಗ್ರೀಕರ ‘ನ್ಯೂರಾನ್’, ಲ್ಯಾಟಿನರ ‘ನೆರ್ವಸ್’ ಇವು ಒಂದೇ ಬೇರಿನಿಂದ ಹುಟ್ಟಿದ ಶಬ್ದಗಳು. ಮೊದಲು ಇವೆಲ್ಲವೂ ದೇಹದೊಳಗಿನ ಬಿಗಿಯಾದ ಹುರಿಯನ್ನೇ ಹೇಳುತ್ತಿದ್ದವು. ಎಲ್ಲ ದೇಶದವರ ಕಣ್ಣಿಗೂ ಮೊದಲು ಬಿದ್ದದ್ದು ಹಗ್ಗ. ಆ ಹಗ್ಗದೊಳಗೆ ನಡೆಯುವ ಸುದ್ದಿಯು ಬುದ್ಧಿಗೆ ಗೋಚರವಾಗಲು ಬಹು ಕಾಲ ಹಿಡಿಯಿತು.

ಈ ಮೂರನೆಯ ನರವೇ ಪ್ರಸ್ತುತ ಲೇಖನದ ವಿಷಯವು. ನಾನು ವೈದ್ಯನಲ್ಲ, ಶಿರಹಟ್ಟಿಯಲ್ಲಿ ಬಹುಕಾಲ ಕನ್ನಡ ಸಂಸ್ಕೃತಗಳನ್ನು ಕಲಿಸಿ ನಿವೃತ್ತನಾದ ಮಾಸ್ತರನು. ಆದರೆ ಅರವತ್ತು ದಾಟಿದ ನನ್ನಂಥವರ ಮನೆಗಳಲ್ಲಿ ಮಧುಮೇಹದ ಮಾತಿಲ್ಲದ ದಿನವಿಲ್ಲ. ಆ ರೋಗವು ಕಾಲಿನ ನರಗಳನ್ನು ಹಿಡಿಯುವ ಬಗೆಯನ್ನು ನನ್ನ ಅಣ್ಣನಲ್ಲಿ ಕಣ್ಣಾರೆ ಕಂಡೆನು. ಈಗ ಎರಡು ವರುಷಗಳಿಂದ ನನ್ನ ಸ್ವಂತ ಕಾಲಿನಲ್ಲಿಯೂ ಕಾಣುತ್ತಿರುವೆನು. ಆದಕಾರಣ ಈ ಸಂಬಂಧವಾಗಿ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡ ಸಂಗತಿಗಳನ್ನು ವಾಚಕರ ಮುಂದಿಡಲು ಮನಸ್ಸು ಮಾಡಿರುವೆನು.

ಬಾಲ್ಯದಲ್ಲಿ ಲಕ್ಷ್ಮೇಶ್ವರದಲ್ಲಿ ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ತರ್ಕದ ಪಾಠದಲ್ಲಿ ಗುರುಗಳು ಎರಡು ದೃಷ್ಟಾಂತಗಳನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಒಂದು, ಕಮಲದ ನೂರು ಎಸಳುಗಳ ನ್ಯಾಯ. ನೂರು ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಏಕಕಾಲದಲ್ಲಿ ತೂತಾದಂತೆ ತೋರುವದು. ವಸ್ತುತಃ ಅವು ಒಂದಾದ ಮೇಲೊಂದು ತೂತಾಗಿರುವವು. ಕಾಲವು ಅತಿ ಸೂಕ್ಷ್ಮವಾದುದರಿಂದ ಕ್ರಮವು ನಮಗೆ ತೋರುವದಿಲ್ಲ. ಇನ್ನೊಂದು, ವೀಚೀತರಂಗ ನ್ಯಾಯ. ಗುಡಿಯಲ್ಲಿ ಬಾರಿಸಿದ ಘಂಟೆಯ ಶಬ್ದವು ತಾನೇ ನಡೆದು ನಮ್ಮ ಕಿವಿಗೆ ಬರುವದಿಲ್ಲ. ಅದು ತನ್ನ ನೆರೆಯಲ್ಲಿ ಎರಡನೆಯ ಶಬ್ದವನ್ನು ಹುಟ್ಟಿಸಿ ಅಳಿಯುವದು, ಎರಡನೆಯದು ಮೂರನೆಯದನ್ನು ಹುಟ್ಟಿಸುವದು; ಕೆರೆಯಲ್ಲಿ ತೆರೆಯಿಂದ ತೆರೆ ಹುಟ್ಟುವಂತೆ ಈ ಪರಂಪರೆಯ ಕೊನೆಯ ಶಬ್ದವು ಕಿವಿಯಲ್ಲಿ ಹುಟ್ಟಿ ಕೇಳಿಸುವದು. ನಮ್ಮ ಪೂರ್ವಿಕರು ನರಗಳ ವಿದ್ಯುತ್ತನ್ನು ಬಲ್ಲವರಾಗಿದ್ದರೆಂದು ನಾನು ಹೇಳಹೊರಟಿಲ್ಲ. ಹಾಗೆ ಹೇಳುವದರಿಂದ ಅವರ ಗೌರವವೇನೂ ಹೆಚ್ಚುವದಿಲ್ಲ. ಆದರೆ ಆಧುನಿಕ ಶಾಸ್ತ್ರವನ್ನು ತಿಳಿದುಕೊಳ್ಳಲು ಈ ಎರಡು ನ್ಯಾಯಗಳು ನನಗೆ ಕೈದೀವಿಗೆಗಳಾದವು.

ಮೊದಲನೆಯದನ್ನು ನೋಡೋಣ. ಅಂಗಾಲಿಗೆ ಮುಳ್ಳು ಚುಚ್ಚಿದ ಕ್ಷಣವೇ ನಮಗೆ ನೋವು ತಿಳಿಯಿತೆಂದು ನಾವು ಭಾವಿಸುತ್ತೇವೆ. ಇಟಲಿಯ ಗ್ಯಾಲ್ವಾನಿ ಎಂಬವರು ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶದಿಂದ ಸೆಟೆಯುವದೆಂದು ೧೭೯೧ರಲ್ಲಿ ಪ್ರಕಟಿಸಿದ ಮೇಲೆ ನರಕ್ಕೂ ವಿದ್ಯುತ್ತಿಗೂ ನಂಟು ಉಂಟೆಂಬದು ಪಂಡಿತರಿಗೆ ತಿಳಿಯಿತು. ಆದರೂ ನರದೊಳಗಿನ ಸುದ್ದಿಯ ವೇಗವು ಮನುಷ್ಯನ ಅಳತೆಗೆ ಎಂದೂ ಸಿಕ್ಕಲಾರದೆಂದು ಜರ್ಮನಿಯ ಹಿರಿಯ ಶಾಸ್ತ್ರಜ್ಞರಾದ ಯೋಹಾನೆಸ್ ಮ್ಯೂಲರರು ನಂಬಿದ್ದರು. ಅವರ ಶಿಷ್ಯರಾದ ಹೆಲ್ಮ್‌ಹೋಲ್ಟ್ಸರು ೧೮೫೦ರಲ್ಲಿ ಅದನ್ನು ಅಳೆದೇ ಬಿಟ್ಟರು. ಉಪಾಯವು ಸರಳವಾದುದು. ಕಪ್ಪೆಯ ಕಾಲಿನ ನರವನ್ನು ಮಾಂಸಖಂಡಕ್ಕೆ ಹತ್ತಿರದಲ್ಲಿ ಒಮ್ಮೆ, ದೂರದಲ್ಲಿ ಒಮ್ಮೆ ಕೆಣಕಿ, ಮಾಂಸವು ಸೆಟೆಯಲು ತಗಲಿದ ಕಾಲವನ್ನು ಎರಡು ಸಾರಿಯೂ ಗುರುತಿಸಿಕೊಂಡರು. ಎರಡು ಕಾಲಗಳ ವ್ಯತ್ಯಾಸವು ನಡುವಿನ ದಾರಿಯನ್ನು ಕ್ರಮಿಸಲು ತಗಲಿದ ಕಾಲವಾಯಿತು. ಭಾಗಿಸಿ ನೋಡಲು ವೇಗವು ಸೆಕೆಂಡಿಗೆ ಸುಮಾರು ೩೦ ಮೀಟರು ಬಂದಿತು. ಇದು ಮಿಂಚಿನ ಓಟವಲ್ಲ. ಗಂಟೆಗೆ ನೂರು ಕಿಲೋಮೀಟರು ಓಡುವ ರೈಲುಗಾಡಿಯ ಓಟ. ನೂರು ಎಸಳುಗಳು ಒಂದಾದ ಮೇಲೊಂದೇ ತೂತಾಗುವವು ಎಂಬ ಮಾತು ನಮ್ಮ ಶರೀರದ ವಿಷಯದಲ್ಲಿಯೂ ನಿಜವಾಯಿತು.

ಇಷ್ಟು ನಿಧಾನವೇಕೆ? ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ಹುಟ್ಟಿದ ವಿದ್ಯುತ್ತು ತಂತಿಯಲ್ಲಿ ಬೆಳಕಿನ ವೇಗದ ಸಮೀಪಕ್ಕೆ ಹೋಗುವದಲ್ಲವೆ? ಇಲ್ಲಿಯೇ ನರದ ವೈಶಿಷ್ಟ್ಯವಿರುವದು. ಬೆಟಗೇರಿಯ ನೇಕಾರರ ಮಗ್ಗದ ಮೇಲೆ ಹಾಸಿನ ಎಳೆಗಳನ್ನು ನೋಡಿದವರಿಗೆ ನರದ ರಚನೆಯು ಸುಲಭವಾಗಿ ತಿಳಿಯುವದು. ಕಣ್ಣಿಗೆ ಕಾಣುವ ನರವೊಂದು ಸಾವಿರಾರು ಎಳೆಗಳ ಕಟ್ಟು. ಎಳೆಗಳು ಒಟ್ಟಿಗಿದ್ದರೂ ಪ್ರತಿಯೊಂದರ ಸುದ್ದಿ ಪ್ರತ್ಯೇಕ. ಒಂದೊಂದು ಎಳೆಯೂ ಒಂದು ನರಕೋಶವು ಚಾಚಿದ ಬಾಹುವು. ಇದನ್ನು ಅಕ್ಷತಂತುವೆಂದು ಕರೆಯುವರು. ಅಂಗಾಲಿನ ನರಕೋಶದ ಒಡಲು ಸೊಂಟದ ಬಳಿ ಬೆನ್ನುಹುರಿಯ ಪಕ್ಕದಲ್ಲಿರುವದು; ಅದರ ತಂತು ಹೆಬ್ಬೆರಳಿನವರೆಗೆ ಸುಮಾರು ಒಂದು ಮೀಟರು ಉದ್ದ, ದಪ್ಪದಲ್ಲಿ ತಲೆಗೂದಲಿಗಿಂತ ಎಷ್ಟೋ ಸಣ್ಣ. ಒಳಗೆ ತುಂಬಿರುವದು ತಾಮ್ರವಲ್ಲ, ಉಪ್ಪು ನೀರಿನಂಥ ರಸ. ಇಂಥ ಎಳೆಯ ಒಂದು ತುದಿಗೆ ವಿದ್ಯುತ್ತನ್ನು ಸುಮ್ಮನೆ ಹರಿಯಬಿಟ್ಟರೆ ಕೆಲವೇ ಮಿಲಿಮೀಟರುಗಳಲ್ಲಿ ಅದು ಸೋರಿ ಕ್ಷೀಣಿಸಿಹೋಗುವದು. ಹಾಗಾದರೆ ಅಂಗಾಲಿನ ಸುದ್ದಿಯು ಸೊಂಟಕ್ಕೆ ಮುಟ್ಟುವದು ಹೇಗೆ?

ಸುದ್ದಿಯು ಹರಿದು ಬರುವದಿಲ್ಲ. ದಾರಿಯುದ್ದಕ್ಕೂ ಹೊಸದಾಗಿ ಹುಟ್ಟುತ್ತ ಬರುವದು. ತಂತುವಿನ ಪೊರೆಯ ಒಳಗೆ ಪೊಟ್ಯಾಸಿಯಮ್ ಹೆಚ್ಚು, ಹೊರಗೆ ಸೋಡಿಯಮ್ ಹೆಚ್ಚು. ಎರಡೂ ವಿದ್ಯುತ್ತಿನ ಅಂಶವನ್ನು ಹೊತ್ತ ಕಣಗಳು. ಸುಮ್ಮನಿರುವಾಗ ಹೊರಗಿಗಿಂತ ಒಳಗು ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುವದು, ಎಂದರೆ ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತನೆಯ ಒಂದು ಪಾಲು. ಪೊರೆಯಲ್ಲಿ ಅತಿ ಸೂಕ್ಷ್ಮವಾದ ಬಾಗಿಲುಗಳಿರುವವು. ಮುಳ್ಳು ಚುಚ್ಚಿದೆಡೆಯಲ್ಲಿ ಈ ವ್ಯತ್ಯಾಸವು ತುಸು ಕುಗ್ಗಿದೊಡನೆ ಸೋಡಿಯಮ್ಮಿನ ಬಾಗಿಲುಗಳು ಥಟ್ಟನೆ ತೆರೆದು ಹೊರಗಿನ ಸೋಡಿಯಮ್ ಒಳನುಗ್ಗುವದು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಆ ಸ್ಥಾನದ ಒಳಗು ಧನವಾಗುವದು. ಅನಂತರ ಆ ಬಾಗಿಲುಗಳು ಮುಚ್ಚಿ ಪೊಟ್ಯಾಸಿಯಮ್ ಹೊರಬಿದ್ದು ಮೊದಲಿನ ಸ್ಥಿತಿಯು ಬರುವದು. ಆದರೆ ಅಷ್ಟರೊಳಗೆ ಆ ಕ್ಷೋಭೆಯು ನೆರೆಯ ಸ್ಥಾನದ ಬಾಗಿಲುಗಳನ್ನು ತೆರೆಯಿಸಿರುವದು, ಅದು ಅದರ ನೆರೆಯದನ್ನು. ಹಿಂದಿನ ಬಾಗಿಲುಗಳು ಕೆಲವು ಕ್ಷಣ ಮತ್ತೆ ತೆರೆಯಲಾರವಾದುದರಿಂದ ಸುದ್ದಿಯು ಹಿಂದಿರುಗದೆ ಮುಂದಕ್ಕೇ ಸಾಗುವದು. ಕಾರ್ತಿಕ ಮಾಸದಲ್ಲಿ ನಮ್ಮ ಗುಡಿಗಳಲ್ಲಿ ದೀಪದಿಂದ ದೀಪವನ್ನು ಹಚ್ಚುತ್ತ ಹೋದರೆ ನೂರನೆಯ ದೀಪವು ಮೊದಲನೆಯದಕ್ಕಿಂತ ಮಂಕಾಗಿರುವದಿಲ್ಲವಷ್ಟೆ. ಅದು ಉರಿಯುವದು ತನ್ನ ಪಣತಿಯ ಎಣ್ಣೆಯಿಂದ. ಅಂತೆಯೇ ಅಂಗಾಲಿನ ಸುದ್ದಿಯು ಒಂದು ಮೀಟರು ಬಂದರೂ ಕುಗ್ಗುವದಿಲ್ಲ. ತರ್ಕದ ಪಾಠದ ವೀಚೀತರಂಗವು ನನಗೆ ಇಲ್ಲಿ ಕಂಡಿತು.

ಇದೆಲ್ಲವನ್ನು ಸಿದ್ಧಪಡಿಸಿದವರು ಇಂಗ್ಲಂಡಿನ ಹಾಜ್‌ಕಿನ್ ಮತ್ತು ಹಕ್ಸ್‌ಲೀ ಎಂಬವರು. ಸ್ಕ್ವಿಡ್ ಎಂಬ ಕಡಲಪ್ರಾಣಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ದಪ್ಪನಾದ ಒಂದು ನರತಂತುವಿರುವದು. ನಮ್ಮ ಕರಾವಳಿಯವರು ಈ ಪ್ರಾಣಿಯನ್ನು ಬೊಂಡಾಸವೆನ್ನುವರು. ಆ ತಂತುವಿನೊಳಗೆ ಸೂಕ್ಷ್ಮವಾದ ತಂತಿಯನ್ನು ಇಳಿಬಿಟ್ಟು ಒಳಗಿನ ವಿದ್ಯುತ್ತನ್ನು ಅವರು ೧೯೩೯ರಲ್ಲಿ ಅಳೆದರು. ಯುದ್ಧದಿಂದ ನಿಂತ ಕೆಲಸವನ್ನು ಮುಂದುವರಿಸಿ, ೧೯೫೨ರಲ್ಲಿ ಇಡೀ ವ್ಯಾಪಾರವನ್ನು ಗಣಿತದ ಸೂತ್ರಗಳಲ್ಲಿ ಕಟ್ಟಿ ತೋರಿಸಿದರು. ೧೯೬೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಒಳಬಂದ ಸೋಡಿಯಮ್ಮನ್ನು ಹೊರಹಾಕಿ ಪೊಟ್ಯಾಸಿಯಮ್ಮನ್ನು ಮರಳಿ ತರುವ ಪಂಪು ಪೊರೆಯಲ್ಲಿಯೇ ಇರುವದೆಂಬದನ್ನು ಡೆನ್ಮಾರ್ಕಿನ ಸ್ಕೌ ಎಂಬವರು ೧೯೫೭ರಲ್ಲಿ ಕಂಡುಹಿಡಿದರು. ಅದು ಮೂರು ಸೋಡಿಯಮ್ ಕಣಗಳನ್ನು ಹೊರಗೆ ತಳ್ಳಿ ಎರಡು ಪೊಟ್ಯಾಸಿಯಮ್ ಕಣಗಳನ್ನು ಒಳಗೆ ಎಳೆದುಕೊಳ್ಳುವದು. ಪಣತಿಗಳಿಗೆ ಎಣ್ಣೆ ಹಾಕುವ ಈ ಸೇವಕನು ಹಗಲಿರುಳು ದುಡಿಯಬೇಕು. ಅವನ ದುಡಿಮೆಗೆ ಆಹಾರವೂ ಪ್ರಾಣವಾಯುವೂ ತಪ್ಪದೆ ಒದಗಬೇಕು. ಈ ಮಾತನ್ನು ವಾಚಕರು ಲಕ್ಷ್ಯದಲ್ಲಿಡಬೇಕು.

ಇನ್ನೊಂದು ವಿಶೇಷವುಂಟು. ಎಳೆಯಲ್ಲಿ ಹುಟ್ಟುವ ಕ್ಷೋಭೆಯು ಹುಟ್ಟಿದರೆ ಪೂರ್ಣವಾಗಿ ಹುಟ್ಟುವದು, ಇಲ್ಲದಿದ್ದರೆ ಹುಟ್ಟುವದೇ ಇಲ್ಲ. ಸಣ್ಣ ನೋವಿಗೆ ಸಣ್ಣ ಅಲೆ, ದೊಡ್ಡ ನೋವಿಗೆ ದೊಡ್ಡ ಅಲೆ ಎಂಬ ಭೇದವಿಲ್ಲ. ನೋವು ಹೆಚ್ಚಿದರೆ ಅಲೆಗಳು ಒಂದರ ಬೆನ್ನಿಗೊಂದು ತೀವ್ರವಾಗಿ ಬರುವವು, ಹೆಚ್ಚು ಎಳೆಗಳು ದನಿಗೂಡಿಸುವವು. ಎಡ್ರಿಯನ್ನರು ೧೯೨೬ರಲ್ಲಿ ಒಂಟಿ ಎಳೆಯ ಸುದ್ದಿಯನ್ನು ಗುರುತಿಸಿ ಇದನ್ನು ಸ್ಥಾಪಿಸಿದರು. ಎಂದ ಬಳಿಕ ಎಳೆಗಳು ಒಂದೊಂದಾಗಿ ಮೂಕವಾಗುತ್ತ ಹೋದರೆ ಉಂಟಾಗುವ ನಷ್ಟವನ್ನು ಊಹಿಸಬಹುದು. ಉಳಿದ ಎಳೆಗಳು ತಮ್ಮ ಪಾಲಿನ ಸುದ್ದಿಯನ್ನು ಹೇಳುತ್ತಲೇ ಇರುವವು. ಆದುದರಿಂದ ಕೊರತೆಯು ಬಹುಕಾಲ ಯಜಮಾನನಿಗೆ ತಿಳಿಯುವದೇ ಇಲ್ಲ.

ದಪ್ಪನಾದ ಎಳೆಗಳಿಗೆ ಒಂದು ಹೊದಿಕೆಯುಂಟು. ನೇಯ್ದ ಸೀರೆಯನ್ನು ಕೋಲಿಗೆ ಸುತ್ತು ಸುತ್ತಾಗಿ ಸುತ್ತುವಂತೆ, ಕೊಬ್ಬಿನಂಶದಿಂದ ಕೂಡಿದ ಪೊರೆಯನ್ನು ಸಹಾಯಕ ಕೋಶಗಳು ತಂತುವಿಗೆ ಸುತ್ತಿರುವವು. ಇದಕ್ಕೆ ಮಯಲಿನ್ ಎಂದು ಹೆಸರು. ಈ ಹೊದಿಕೆಯು ಅಖಂಡವಲ್ಲ. ಸುಮಾರು ಒಂದು ಮಿಲಿಮೀಟರಿಗೆ ಒಂದರಂತೆ ಕಿರಿದಾದ ಬಿಡುವುಗಳಿರುವವು. ಫ್ರಾನ್ಸಿನ ರಾನ್ವಿಯೇ ಎಂಬವರು ೧೮೭೦ರ ದಶಕದಲ್ಲಿ ಇವನ್ನು ವರ್ಣಿಸಿದರು. ಸೋಡಿಯಮ್ಮಿನ ಬಾಗಿಲುಗಳು ಈ ಬಿಡುವುಗಳಲ್ಲಿಯೇ ಗುಂಪಾಗಿರುವದರಿಂದ ಸುದ್ದಿಯು ಹೆಜ್ಜೆ ಹೆಜ್ಜೆಗೂ ಹುಟ್ಟದೆ ಬಿಡುವಿನಿಂದ ಬಿಡುವಿಗೆ ನೆಗೆಯುತ್ತ ಹೋಗುವದು. ಹೊದಿಕೆಯಿಲ್ಲದ ಸಣ್ಣ ಎಳೆಗಳಲ್ಲಿ ವೇಗವು ಸೆಕೆಂಡಿಗೆ ಒಂದೆರಡು ಮೀಟರು ಮಾತ್ರ. ಹೊದಿಕೆಯ ದಪ್ಪ ಎಳೆಗಳಲ್ಲಿ ನೂರು ಮೀಟರನ್ನೂ ಮೀರುವದು. ಕಲ್ಲು ಎಡವಿದಾಗ ಮೊದಲು ತಗುಲಿದ ಅರಿವು, ಚುರುಕಾದ ನೋವು, ಆಮೇಲೆ ನಿಧಾನವಾಗಿ ಏರುವ ಸಂಕಟ ಹೀಗೆ ಕ್ರಮವಾಗಿ ಅನುಭವವಾಗುವದು ಈ ವೇಗಗಳ ಭೇದದಿಂದಲೇ.

ಇಂಥ ಎಳೆಗಳ ಓಟವನ್ನು ನನ್ನ ಕಾಲಿನಲ್ಲಿಯೇ ಅಳೆಯಿಸುವ ಪ್ರಸಂಗವು ಹೋದ ವರುಷ ಒದಗಿತು. ಅಂಗಾಲಿನ ಕೆಳಗೆ ಹತ್ತಿಯನ್ನು ಹಾಸಿದಂತೆ ಭಾಸವಾಗುತ್ತಿದ್ದುದರಿಂದ ಹುಬ್ಬಳ್ಳಿಯ ಒಂದು ದವಾಖಾನೆಗೆ ಹೋದೆನು. ವೈದ್ಯರು ಮೊದಲು ಎರಡು ಹಲ್ಲುಗಳ ಉಕ್ಕಿನ ಶ್ರುತಿಕವಲನ್ನು ಮಿಡಿದು ನನ್ನ ಹೆಬ್ಬೆರಳ ಗೆಣ್ಣಿನ ಮೇಲಿಟ್ಟರು. ಅದರ ದನಿಯು ಕಿವಿಗೆ ಮಂದವಾಗಿ ಕೇಳಿಸುತ್ತಿತ್ತು, ಬೆರಳಿಗೆ ಅದರ ಕಂಪವು ತಿಳಿಯಲಿಲ್ಲ. ಅದನ್ನೇ ಮೊಣಕಾಲಿಗೆ ಇಟ್ಟಾಗ ಸ್ಪಷ್ಟವಾಗಿ ತಿಳಿಯಿತು. ಅನಂತರ ಯಂತ್ರದ ಮುಂದೆ ಮಲಗಿಸಿ ಪಾದದ ಮೇಲೆ ಒಂದು ಬಿಲ್ಲೆಯನ್ನು ಅಂಟಿಸಿ, ಹರಡಿನ ಬಳಿ ಒಮ್ಮೆ, ಮೊಣಕಾಲಿನ ಬಳಿ ಒಮ್ಮೆ ಸಣ್ಣ ವಿದ್ಯುತ್ತಿನ ಹೊಡೆತ ಕೊಟ್ಟರು. ಪಾದದ ಮಾಂಸವು ಉತ್ತರ ಕೊಡಲು ಹರಡಿನಿಂದ ೫ ಮಿಲಿಸೆಕೆಂಡು, ಮೊಣಕಾಲಿನಿಂದ ೧೫ ಮಿಲಿಸೆಕೆಂಡು ಹಿಡಿದವು. ದರ್ಜಿಯ ಟೇಪಿನಿಂದ ನಡುವಿನ ದೂರವನ್ನು ಅಳೆದರೆ ೩೪ ಸೆಂಟಿಮೀಟರು. ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕ: ಸೆಕೆಂಡಿಗೆ ೩೪ ಮೀಟರು. ಈ ನರದಲ್ಲಿ ೪೦ಕ್ಕಿಂತ ಹೆಚ್ಚು ಇರತಕ್ಕದ್ದೆಂದು ವೈದ್ಯರು ತಿಳಿಸಿದರು. ೧೮೫೦ರಲ್ಲಿ ಕಪ್ಪೆಯ ಕಾಲಿಗೆ ಹೂಡಿದ ಯುಕ್ತಿಯೇ ಇಂದು ಹುಬ್ಬಳ್ಳಿಯಲ್ಲಿ ನನ್ನ ಕಾಲಿನ ಸ್ಥಿತಿಯನ್ನು ಹೇಳಿತು.

ಮಧುಮೇಹವು ಕಾಲನ್ನೇ ಮೊದಲು ಹಿಡಿಯುವದೇಕೆಂದು ಕೇಳಿದೆನು. ರಕ್ತದಲ್ಲಿ ಸಕ್ಕರೆಯು ವರುಷಗಟ್ಟಲೆ ಮಿತಿಮೀರಿದರೆ ನರಕೋಶಗಳೂ ಹೊದಿಕೆಯ ಕೋಶಗಳೂ ಕೆಡುವವು. ನರಗಳಿಗೆ ರಕ್ತವನ್ನು ಉಣಿಸುವ ಸೂಕ್ಷ್ಮ ನಾಳಗಳೂ ಕೆಡುವವು. ತಂತುವಿಗೆ ಬೇಕಾದ ಸಾಮಗ್ರಿಯೆಲ್ಲ ಸೊಂಟದ ಬಳಿಯ ಒಡಲಿನಲ್ಲಿ ತಯಾರಾಗಿ ತಂತುವಿನೊಳಗೇ ಸಾಗಿ ಬರಬೇಕು. ಅತಿ ವೇಗದ ಸಾಗಾಟವೂ ದಿನಕ್ಕೆ ೪೦ ಸೆಂಟಿಮೀಟರಿನಷ್ಟು. ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರಿನ ಬರವು ಮೊದಲು ತಟ್ಟುವಂತೆ ಅತಿ ಉದ್ದವಾದ ಎಳೆಗಳ ತುದಿಗೆ ಈ ಬರವು ಮೊದಲು ತಟ್ಟುವದು. ಆದುದರಿಂದ ಎರಡೂ ಪಾದಗಳ ಬೆರಳುಗಳಿಂದ ಮೊದಲಾಗಿ ಕಾಲುಚೀಲ ತೊಟ್ಟಂತೆ ಜಡತೆಯು ಮೇಲೇರುವದು. ಚರಕಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ಪೂರ್ವರೂಪಗಳನ್ನು ಎಣಿಸುವಾಗ ಕೈಕಾಲುಗಳ ಸುಪ್ತತೆಯನ್ನೂ ಉರಿಯನ್ನೂ ಹೇಳಿರುವದನ್ನು ನಾನು ಆಮೇಲೆ ತೆಗೆದು ನೋಡಿದೆನು. ‘ಸುಪ್ತ’ವೆಂದರೆ ಮಲಗಿದ್ದು, ಜಡವಾದ ಪಾದಕ್ಕೆ ಇದಕ್ಕಿಂತ ತಕ್ಕ ಶಬ್ದವಿಲ್ಲ.

ಮಲಗಿದ ಕಾವಲುಗಾರನಿಂದ ಆಗುವ ಹಾನಿಯನ್ನು ನನ್ನ ಅಣ್ಣನ ಸಂಗತಿಯು ತೋರಿಸಿಕೊಟ್ಟಿತು. ಅಣ್ಣನು ಮುಂಡರಗಿಯ ಕಡೆಗೆ ಒಕ್ಕಲುತನ ಮಾಡಿಕೊಂಡಿರುವನು. ನಮ್ಮ ಭಾಗದಿಂದ ಯುಗಾದಿಯ ಸುಮಾರಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ಭಕ್ತರು ಬಹಳ. ಹದಿನೈದು ವರುಷದ ಮಧುಮೇಹವಿದ್ದರೂ ಅಣ್ಣನು ಹರಕೆಯಂತೆ ಬರಿಗಾಲಿನಿಂದ ನಡೆದನು. ಚೈತ್ರದ ಬಿಸಿಲಿನಲ್ಲಿ ಡಾಂಬರಿನ ರಸ್ತೆಯು ಕಾದ ಹಂಚಿನಂತಿರುವದು. ಒಡನೆ ಬಂದವರೆಲ್ಲರೂ ಕಾಲು ಸುಟ್ಟಿತೆಂದು ನೆರಳನ್ನು ಹುಡುಕುತ್ತಿದ್ದರೆ ಅಣ್ಣನು ಮಾತ್ರ ಸಲೀಸಾಗಿ ನಡೆಯುತ್ತಿದ್ದನಂತೆ. ಮಲ್ಲಯ್ಯನ ಕೃಪೆಯೆಂದು ಎಲ್ಲರೂ ಕೊಂಡಾಡಿದರಂತೆ. ಊರಿಗೆ ಮರಳಿದ ಆರು ದಿನಗಳ ಮೇಲೆ ಅತ್ತಿಗೆಯವರು ಹಾಸಿಗೆಯ ಮೇಲೆ ಕಲೆಯನ್ನು ಕಂಡು ಕಾಲನ್ನು ಎತ್ತಿ ನೋಡಿದರೆ ಅಂಗಾಲಿನಲ್ಲಿ ಎರಡು ರೂಪಾಯಿ ಅಗಲದ ಹುಣ್ಣು ಕೀವಾಗಿತ್ತು. ದವಾಖಾನೆಗೆ ನಡೆಯೆಂದು ನಾನು ಫೋನಿನಲ್ಲಿ ಹೇಳಿದಾಗ ಅಣ್ಣನೆಂದ ಮಾತು ಇಂದಿಗೂ ಕಿವಿಯಲ್ಲಿದೆ: “ತಮ್ಮಾ, ಒಂಚೂರೂ ನೋವಿಲ್ಲ. ನೋವಿಲ್ಲದ ಗಾಯಕ್ಕ ದವಾಖಾನಿ ಯಾಕ ಬೇಕೋ?” ನೋವಿಲ್ಲದ್ದೇ ರೋಗವೆಂದು ಅವನಿಗೆ ತಿಳಿಹೇಳುವದರೊಳಗೆ ವಾರ ಕಳೆಯಿತು. ಕೊನೆಗೆ ಎರಡು ಬೆರಳುಗಳನ್ನು ತೆಗೆಯಿಸಬೇಕಾಯಿತು. ಪಾದವು ಉಳಿದದ್ದು ಅತ್ತಿಗೆಯವರ ಪುಣ್ಯ.

ನೋವೇ ಇಲ್ಲದ ಬಾಳು ಸುಖದ ಬಾಳೆಂದು ನಾವೆಲ್ಲರೂ ಒಮ್ಮೊಮ್ಮೆ ಎಣಿಸುವದುಂಟು. ೨೦೦೬ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಉತ್ತರ ಪಾಕಿಸ್ತಾನದ ಒಬ್ಬ ಬಾಲಕನ ವೃತ್ತಾಂತವಿರುವದು. ಅವನು ಬೀದಿಯಲ್ಲಿ ತೋಳಿಗೆ ಚೂರಿ ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಜನರನ್ನು ಬೆರಗುಗೊಳಿಸುತ್ತಿದ್ದನು. ನೋವೆಂಬದು ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಅವನ ಕುಲಸಂಬಂಧದ ಕುಟುಂಬಗಳನ್ನು ಪರೀಕ್ಷಿಸಲಾಗಿ, ನೋವಿನ ಎಳೆಗಳಲ್ಲಿರುವ ಒಂದು ಬಗೆಯ ಸೋಡಿಯಮ್ ಬಾಗಿಲು ಇಂಥವರಲ್ಲಿ ಕೆಲಸ ಮಾಡುವದಿಲ್ಲವೆಂದು ತಿಳಿದುಬಂದಿತು. ಆ ಬಾಲಕನನ್ನು ಪಂಡಿತರು ಪರೀಕ್ಷಿಸುವ ಮೊದಲೇ, ಹದಿನಾಲ್ಕು ತುಂಬುವದರೊಳಗೆ, ಮನೆಯ ಮಾಳಿಗೆಯಿಂದ ಹಾರಿ ಪ್ರಾಣವನ್ನು ಕಳೆದುಕೊಂಡಿದ್ದನು. ಹಲ್ಲು ಕೀಳುವಾಗ ವೈದ್ಯರು ಚುಚ್ಚುವ ಮದ್ದು ಸಹ ಸೋಡಿಯಮ್ಮಿನ ಬಾಗಿಲುಗಳನ್ನೇ ಅರ್ಧ ಗಂಟೆ, ಒಂದು ಗಂಟೆ ಮುಚ್ಚುವದು. ಒಂದು ಗಂಟೆ ಮುಚ್ಚಿದರೆ ಉಪಕಾರ. ಜೀವಮಾನವೆಲ್ಲ ಮುಚ್ಚಿದರೆ ಮೃತ್ಯು.

ಕೆಟ್ಟ ನರವು ಮತ್ತೆ ಸರಿಯಾಗುವದೋ ಎಂಬದು ಎಲ್ಲರ ಪ್ರಶ್ನೆಯು. ಹೊದಿಕೆ ಮಾತ್ರ ಹರಿದು ತಂತು ಉಳಿದಿದ್ದರೆ ಆಶೆಯು ದೊಡ್ಡದು. ಶಿರಹಟ್ಟಿಯಲ್ಲಿ ನನ್ನ ಕೈಕೆಳಗೆ ಓದಿದ ಒಬ್ಬ ತರುಣನಿಗೆ, ದೇಹದ ರಕ್ಷಣಾಶಕ್ತಿಯೇ ತಿರುಗಿಬಿದ್ದು ನರಗಳನ್ನು ಕಾಡುವ ಗಿಯಾನ್-ಬಾರೆ ಎಂಬ ರೋಗವು ತಗಲಿತು. ನಾಲ್ಕೇ ದಿನಗಳಲ್ಲಿ ಕಾಲು, ಕೈ, ಕೊನೆಗೆ ಉಸಿರು ಸಹ ಸೋತವು. ಬೆಂಗಳೂರಿನಲ್ಲಿ ೧೯೭೪ರಲ್ಲಿ ಸ್ಥಾಪಿತವಾದ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೂರು ವಾರ ಯಂತ್ರದ ಉಸಿರಿನ ಮೇಲಿದ್ದು ಅವನು ಬದುಕಿಕೊಂಡನು; ಅವನಲ್ಲಿ ಕೆಟ್ಟಿದ್ದುದು ಬಹುಮಟ್ಟಿಗೆ ಹೊದಿಕೆಯೇ. ಹೊದಿಕೆಯು ಮರಳಿ ಬೆಳೆದು ಎಂಟು ತಿಂಗಳಿಗೆ ನಮ್ಮ ಮನೆಯ ಮೆಟ್ಟಿಲನ್ನು ತಾನೇ ಏರಿ ಬಂದನು. ತಂತುವೇ ತುಂಡಾದರೆ ಬೆಳವಣಿಗೆಯು ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಸೊಂಟದಿಂದ ಅಂಗಾಲಿಗೆ ಆ ಲೆಕ್ಕದಲ್ಲಿ ಎಷ್ಟು ವರುಷಗಳಾಗುವವೆಂಬದನ್ನು ವಾಚಕರೇ ಎಣಿಸಿಕೊಳ್ಳಬಹುದು. ಮಧುಮೇಹದಲ್ಲಿ ಹೊದಿಕೆ ತಂತುಗಳೆರಡೂ ಸವೆಯುವದರಿಂದ ಹೋದದ್ದು ಪೂರ್ತಿಯಾಗಿ ಮರಳುವದು ಅಪರೂಪ. ಸಕ್ಕರೆಯನ್ನು ಮಿತಿಯಲ್ಲಿಟ್ಟರೆ ಇದ್ದದ್ದನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದೆಂದು ವೈದ್ಯರು ನನಗೆ ಹೇಳಿರುವರು, ಅದರಂತೆ ನಡೆಯುತ್ತಿರುವೆನು.

ಮಧುಮೇಹವಿದ್ದ ಹಿರಿಯರುಳ್ಳ ಮನೆಯವರಿಗೆ ನನ್ನ ವಿಜ್ಞಾಪನೆಯು ಇಷ್ಟೇ. ಕಾಲು ಸುದ್ದಿ ಕಳಿಸುವದನ್ನು ಬಿಟ್ಟರೆ ಕಣ್ಣು ಆ ಕೆಲಸವನ್ನು ವಹಿಸಿಕೊಳ್ಳಬೇಕು. ರಾತ್ರಿ ಮಲಗುವ ಮುಂಚೆ ದೀಪದ ಬೆಳಕಿನಲ್ಲಿ ಎರಡೂ ಅಂಗಾಲುಗಳನ್ನೂ ಬೆರಳುಗಳ ಸಂದುಗಳನ್ನೂ ನೋಡಿಕೊಳ್ಳಬೇಕು. ಬಾಗಲಾರದವರು ಕನ್ನಡಿಯನ್ನು ಕೆಳಗಿಟ್ಟು ನೋಡಬೇಕು, ಇಲ್ಲವೆ ಮೊಮ್ಮಕ್ಕಳಿಗೆ ಹೇಳಬೇಕು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಚಪ್ಪಲಿಯನ್ನು ಮೆಟ್ಟುವ ಮೊದಲು ಕೊಡವಬೇಕು. ವರುಷಕ್ಕೊಮ್ಮೆ ವೈದ್ಯರಿಂದ ಪಾದದ ಸ್ಪರ್ಶಜ್ಞಾನದ ಪರೀಕ್ಷೆಯನ್ನು ಮಾಡಿಸಬೇಕು. ಕೆಂಡ ಹಾಯುವ ಹರಕೆ, ಬರಿಗಾಲಿನ ಯಾತ್ರೆ ಇವುಗಳನ್ನು ಕುರಿತು ನಾನು ಯಾರ ಭಕ್ತಿಗೂ ಅಡ್ಡ ಬರುವವನಲ್ಲ. ಆದರೆ ನಿರ್ಬಲರಿಗೆ ವ್ರತಗಳಲ್ಲಿ ವಿನಾಯಿತಿಯನ್ನು ನಮ್ಮ ಶಾಸ್ತ್ರಗಳೇ ಇಟ್ಟಿರುವವು. ಈ ಸಲ ಅಣ್ಣನು ಮೆತ್ತನೆಯ ಅಟ್ಟೆಯ ಚಪ್ಪಲಿ ಮೆಟ್ಟಿಕೊಂಡು ಬಸ್ಸಿನಲ್ಲಿ ಶ್ರೀಶೈಲಕ್ಕೆ ಹೋಗಿಬಂದನು. ಅತ್ತಿಗೆಯವರು ಜೊತೆಗಿದ್ದು, ಇಳಿದುಕೊಂಡಲ್ಲಿ ಪ್ರತಿ ರಾತ್ರಿ ಅವನ ಪಾದಗಳನ್ನು ನೋಡಿದರು. ಕಾಲಿನಲ್ಲಿ ಒಂದು ಗೀರೂ ಇರಲಿಲ್ಲವೆಂದು ಪತ್ರ ಬರೆದಿರುವರು.